ಗೃಹಪ್ರವೇಶದ ಹಿಂದಿನ ದಿನದ ಫ್ಯಾಕ್ಸ್

ಕ್ಲಿನಿಕ್ಕಿಗೆ ಬರುವ ಫ್ಯಾಕ್ಸ್‌ಗಳನ್ನು ತೆರೆಯುವ ಕೆಲಸ ಈಗ ನನ್ನದಲ್ಲ. ಫೋನ್ ಎತ್ತುತ್ತೇನೆ, ಅಪಾಯಿಂಟ್‌ಮೆಂಟ್ ಕೊಡುತ್ತೇನೆ, ಬೆಳಿಗ್ಗೆ ಬಂದು ಹೀಟರ್ ಹಾಕುತ್ತೇನೆ, ಬಾಗಿಲಿನ ಕಾಲೊರೆಸು ಮಳೆಗೆ ತೊಯ್ದರೆ ಬದಲಾಯಿಸುತ್ತೇನೆ. ಫ್ಯಾಕ್ಸ್ ಪೆಟ್ಟಿಗೆಯ ಗುರುತು ನನ್ನ ಕಂಪ್ಯೂಟರಿನಲ್ಲಿ ಇನ್ನೂ ಇದೆ. ಒತ್ತಿದರೆ ಅನುಮತಿ ಇಲ್ಲ ಎಂದು ಬರುತ್ತದೆ. ಯಾಕೆ ಹೀಗಾಯಿತೆಂದು ಇಲ್ಲಿನ ನಮ್ಮ ಕನ್ನಡದವರಲ್ಲಿ ಕೆಲವರಿಗೆ ಅರ್ಧ ಗೊತ್ತು, ಕೆಲವರಿಗೆ ತಪ್ಪಾಗಿ ಗೊತ್ತು. ಪೂರ್ತಿಯಾಗಿ ಒಮ್ಮೆ ಬರೆದಿಡುತ್ತೇನೆ.

ನಮ್ಮದು ಐರ್ಲೆಂಡಿನ ಟಾಲಾ ಊರಿನಲ್ಲಿ ಮನೆಗಳ ಸಾಲಿನ ತುದಿಗಿರುವ ಚಿಕ್ಕ ಕ್ಲಿನಿಕ್. ಒಬ್ಬರೇ ಡಾಕ್ಟರು, ವಾರಕ್ಕೆ ಮೂರು ದಿನ ಒಬ್ಬ ನರ್ಸ್, ಕೌಂಟರಿನಲ್ಲಿ ನಾನು ಮತ್ತು ನನಗಿಂತ ಹತ್ತು ವರ್ಷ ಹಿರಿಯರಾದ ಒಬ್ಬ ಐರಿಶ್ ಹೆಂಗಸು. ಪಕ್ಕದಲ್ಲೇ ಚಿಪ್ಸ್ ಅಂಗಡಿ ಇರುವುದರಿಂದ ಮಧ್ಯಾಹ್ನದ ಹೊತ್ತಿಗೆ ನಮ್ಮ ಫೈಲುಗಳಿಗೂ ಕರಿದ ಎಣ್ಣೆಯ ವಾಸನೆ ಹತ್ತುತ್ತದೆ. ಈ ಕಾಲದಲ್ಲೂ ಫ್ಯಾಕ್ಸಾ ಎಂದು ನನ್ನ ಗಂಡ ನಗುವುದುಂಟು. ಅವರು ಸಾಫ್ಟ್‌ವೇರಿನವರು. ಆದರೆ ಖಾಸಗಿ ಸ್ಕ್ಯಾನ್ ಕೇಂದ್ರಗಳು, ವೃದ್ಧಾಶ್ರಮಗಳು, ಕೆಲವು ಹಳೆಯ ವೈದ್ಯರು ಇನ್ನೂ ಫ್ಯಾಕ್ಸ್ ಬಿಟ್ಟಿಲ್ಲ.

ಮೊದಲು ಹಿಂದಿನ ಕೋಣೆಯಲ್ಲಿ, ಕೆಟಲ್ ಪಕ್ಕದಲ್ಲಿ, ಫ್ಯಾಕ್ಸ್ ಯಂತ್ರವಿತ್ತು. ಕಾಗದ ಬೆಚ್ಚಗೆ ಹೊರಬರುತ್ತಿತ್ತು. ಅದನ್ನು ತಂತಿಯ ಬುಟ್ಟಿಯಲ್ಲಿಟ್ಟರೆ ಡಾಕ್ಟರು ಓದಿ ಸಹಿ ಮಾಡುವವರೆಗೂ ಅದು ಅಲ್ಲೇ ಬಿದ್ದಿರುತ್ತಿತ್ತು. ಚಹಾ ಮಾಡಲು ಹೋದವರೆಲ್ಲರ ಕಣ್ಣಿಗೂ ಬೀಳುತ್ತಿತ್ತು. ಆಮೇಲೆ ಆ ಯಂತ್ರವನ್ನು ತೆಗೆದು, ಫ್ಯಾಕ್ಸ್‌ಗಳು ನೇರವಾಗಿ ಕಂಪ್ಯೂಟರಿಗೇ ಬರುವಂತೆ ಮಾಡಿಸಿದರು. ಪರದೆಯ ಮೇಲೆ ಒಂದು ಪಟ್ಟಿ. ಹೊಸದಾಗಿ ಬಂದದ್ದು ದಪ್ಪ ಅಕ್ಷರದಲ್ಲಿರುತ್ತದೆ. ತೆರೆದು, ಹುಟ್ಟಿದ ತಾರೀಖು ಹಾಕಿ ರೋಗಿಯನ್ನು ಹುಡುಕಿ, ಆ ರೋಗಿಯ ದಾಖಲೆಗೆ ಸೇರಿಸಿ, ಡಾಕ್ಟರ ಕೆಲಸದ ಪಟ್ಟಿಗೆ ಕಳಿಸಬೇಕು. ಒಮ್ಮೆ ತೆರೆದರೆ ಅಕ್ಷರ ಸಾದಾ ಆಗಿಬಿಡುತ್ತದೆ. ದಪ್ಪಗಿದ್ದರೆ ಕೆಲಸ ಬಾಕಿ, ಸಾದಾ ಇದ್ದರೆ ಮುಗಿದಿದೆ ಎಂದು ನಾವಿಬ್ಬರೂ ಮಾತಾಡಿಕೊಂಡಿದ್ದೆವು. ತೆರೆದದ್ದನ್ನು ಮುಗಿಸಿಯೇ ಏಳಬೇಕು ಎಂದು ಕಾಗದದಲ್ಲಿ ಬರೆದು ಗೋಡೆಗೆ ಅಂಟಿಸಿದವಳು ನಾನೇ.

ನಾನು ಹೇಳಹೊರಟಿರುವ ಫ್ಯಾಕ್ಸ್ ಒಬ್ಬ ರೋಗಿಯದು. ಅವಳು ಮೈಸೂರಿನವಳು. ನಲವತ್ತು ದಾಟಿ ಒಂದೆರಡು ವರ್ಷವಿರಬಹುದು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು, ಒಬ್ಬಳು ಮಗಳು. ಕ್ಲಿನಿಕ್ಕಿಗೆ ಹೆಸರು ಬರೆಸಲು ಬಂದ ದಿನ ನನ್ನ ಮುಖ ನೋಡಿ, "ಕನ್ನಡದವರಾ? ಅಯ್ಯೋ ಸದ್ಯ, ನನ್ ಹೊಟ್ಟೆನೋವನ್ನ ಇಂಗ್ಲಿಷಲ್ಲಿ ಹೇಳೋದು ತಪ್ತು," ಎಂದು ನಕ್ಕಿದ್ದಳು. ಅವತ್ತಿನಿಂದ ನಾನು ಅಕ್ಕ. ಚಟ್ನಿಪುಡಿ ಮಾಡಿದರೆ ಒಂದು ಡಬ್ಬಿ ನನಗೆ ಬರುತ್ತಿತ್ತು. ಅದನ್ನು ಹಿರಿಯಾಕೆ ಟೋಸ್ಟ್ ಮೇಲೆ ಉದುರಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಸಿಕೊಂಡು, "ಗ್ರ್ಯಾಂಡ್, ಗ್ರ್ಯಾಂಡ್," ಎನ್ನುತ್ತಿದ್ದರು. ಚೆನ್ನಾಗಿದೆ ಎನ್ನಲು ಇಲ್ಲಿಯವರ ಮಾತು ಅದು.

ಆ ಬೇಸಿಗೆಯಲ್ಲಿ ಅವಳಿಗೆ ಎಡಪಕ್ಕೆಯಲ್ಲಿ ನೋವು ಶುರುವಾಯಿತು. ಒಮ್ಮೆ ಮೂತ್ರದಲ್ಲಿ ರಕ್ತ ಕಂಡಿತ್ತು. ಡಾಕ್ಟರು ಸ್ಕ್ಯಾನ್ ಬರೆದುಕೊಟ್ಟರು. ಸರ್ಕಾರಿ ಸರದಿಗೆ ಕಾಯುವುದು ಬೇಡವೆಂದು ಅವಳು ಒಂದು ಖಾಸಗಿ ಕೇಂದ್ರದಲ್ಲಿ ಮಾಡಿಸಿಕೊಂಡಳು. ಅದೇ ವಾರಾಂತ್ಯ ಅವರ ಹೊಸ ಮನೆಯ ಗೃಹಪ್ರವೇಶ. ಸೋಮವಾರ ಬ್ಯಾಂಕ್ ರಜೆ, ಎಂದರೆ ಎಲ್ಲರಿಗೂ ಸರ್ಕಾರಿ ರಜೆ, ಇದ್ದುದರಿಂದ ಎಲ್ಲರಿಗೂ ಅನುಕೂಲವೆಂದು ಶನಿವಾರ ಇಟ್ಟುಕೊಂಡಿದ್ದರು.

ಶುಕ್ರವಾರ ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ಫೋನ್ ಬಂತು. ಹಿರಿಯಾಕೆ ಊಟಕ್ಕೆ ಹೋಗಿದ್ದರು.

"ಅಕ್ಕಾ, ನಾನು. ಆ ಸ್ಕ್ಯಾನ್ ರಿಪೋರ್ಟ್ ಬಂತಾ ನೋಡ್ತೀರಾ? ನಾಳೆ ಪೂಜೆ ಇಟ್ಕೊಂಡು ಮನ್ಸಲ್ಲಿ ಅದೇ ಕೊರೀತಾ ಇದೆ."

"ಇರು, ನೋಡ್ತೀನಿ," ಎಂದೆ.

ಹಾಗೆ ನೋಡಿ ಹೇಳುವಂತಿಲ್ಲ. ರಿಪೋರ್ಟಿನ ಮಾತನ್ನು ಡಾಕ್ಟರೇ ಹೇಳಬೇಕು. ಆದರೂ ಬಂದಿದೆಯೋ ಇಲ್ಲವೋ ಎಂದು ಹೇಳುವುದರಲ್ಲಿ ಏನು ತಪ್ಪು ಎಂದುಕೊಂಡೆ. ಪಟ್ಟಿಯಲ್ಲಿ ಮೇಲಿನಿಂದ ಮೂರನೆಯದು ಅದೇ ಕೇಂದ್ರದ್ದು, ದಪ್ಪ ಅಕ್ಷರದಲ್ಲಿ. ತೆರೆದೆ. ಎರಡು ಪುಟ. ಎಡಮೂತ್ರಪಿಂಡದಲ್ಲಿ ಗಡ್ಡೆ, ಅಳತೆ ಇಷ್ಟು, ತುರ್ತಾಗಿ ಮುಂದಿನ ಪರೀಕ್ಷೆಗೆ ಕಳಿಸಿ ಎಂದಿತ್ತು. ತುರ್ತಾಗಿ ಎನ್ನುವುದರ ಕೆಳಗೆ ಗೆರೆ ಎಳೆದಿತ್ತು. ಇಷ್ಟು ವರ್ಷ ಈ ಕಾಗದಗಳ ನಡುವೆ ಕೂತವಳಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಫೋನಿನಲ್ಲಿ ಅವಳ ಹಿಂದೆ ಯಾರೋ ನಗುತ್ತಿದ್ದರು. ಪಾತ್ರೆಗಳ ಸದ್ದು ಕೇಳಿಸುತ್ತಿತ್ತು.

"ಇಲ್ಲ ಕಣೇ. ಇನ್ನೂ ಬಂದಿಲ್ಲ," ಎಂದೆ.

"ಅರ್ಜೆಂಟ್ ಏನಾದ್ರೂ ಇದ್ದಿದ್ರೆ ಬೇಗ ಕಳಿಸ್ತಿದ್ರು ತಾನೆ?"

"ಹೂಂ."

"ಸದ್ಯ. ನಾಳೆ ಹತ್ತೂವರೆಗೆಲ್ಲ ಬಂದ್ಬಿಡಿ ಅಕ್ಕ. ನೆಂಟರ ಥರ ಊಟದ್ ಹೊತ್ಗೆ ಬರ್ಬೇಡಿ."

ಫೋನ್ ಇಟ್ಟ ಮೇಲೆ ನಾನು ಮಾಡಬೇಕಾಗಿದ್ದುದು ನಾಲ್ಕು ಸಲ ಮೌಸ್ ಒತ್ತುವ ಕೆಲಸ. ಒತ್ತಿದ್ದರೆ ಅದು ಡಾಕ್ಟರಿಗೆ ಹೋಗುತ್ತಿತ್ತು. ಅವರು ಶುಕ್ರವಾರ ಸಂಜೆ ಕೂತು ಪಟ್ಟಿಯನ್ನೆಲ್ಲ ಮುಗಿಸಿ, ಫೋನ್ ಮಾಡಬೇಕಾದವರಿಗೆ ಮಾಡಿಯೇ ಮನೆಗೆ ಹೋಗುವವರು. ಹಾಗಾದರೆ ಸಂಜೆ ಆರಕ್ಕೆ ಅವಳಿಗೆ ಫೋನ್ ಬರುತ್ತದೆ. ಬೆಳಿಗ್ಗೆ ಪೂಜೆ. ಶುಭಕಾರ್ಯದ ಮನೆಗೆ ಇಂಥ ಮಾತನ್ನು ಮುಟ್ಟಿಸಬಾರದೆಂದು ನಾವೆಲ್ಲ ಬೆಳೆದ ಮನೆಗಳಲ್ಲಿ ಕಲಿತದ್ದು. ಮದುವೆಯ ದಿನ ಸಾವಿನ ಸುದ್ದಿ ಬಂದರೆ ತಾಳಿ ಕಟ್ಟುವವರೆಗೆ ಸೆರಗಿನಲ್ಲಿಟ್ಟುಕೊಂಡು ಓಡಾಡಿದ ಹೆಂಗಸರನ್ನು ನಾನು ನೋಡಿದ್ದೇನೆ. ಅವರನ್ನು ಗಟ್ಟಿಗಿತ್ತಿಯರು ಎಂದು ಹೊಗಳುತ್ತಿದ್ದರು. ಸೋಮವಾರ ಹೇಗೂ ರಜೆ. ಮಂಗಳವಾರ ಬೆಳಿಗ್ಗೆ ಬಂದು ಮೊದಲ ಕೆಲಸವಾಗಿ ಇದನ್ನು ಕಳಿಸುತ್ತೇನೆ, ಮೂರು ದಿನದಲ್ಲಿ ಏನಾಗುತ್ತದೆ ಎಂದುಕೊಂಡೆ.

ಮತ್ತೆ ದಪ್ಪ ಅಕ್ಷರಕ್ಕೆ ತಿರುಗಿಸುವ ದಾರಿಯೂ ನನಗೆ ಗೊತ್ತಿತ್ತು. ಹಾಗೆ ಮಾಡಲಿಲ್ಲ. ಮಾಡಿದ್ದರೆ ಊಟ ಮುಗಿಸಿ ಬಂದ ಹಿರಿಯಾಕೆ ಅದನ್ನು ಎತ್ತಿಕೊಂಡು ಡಾಕ್ಟರಿಗೆ ಕಳಿಸಿಬಿಡುತ್ತಿದ್ದರು. ಅವರು ಮುಟ್ಟಬಾರದೆಂದೇ ಸಾದಾ ಅಕ್ಷರದಲ್ಲಿ ಬಿಟ್ಟೆ.

ಶನಿವಾರ ಹತ್ತೂವರೆಗೇ ಹೋದೆವು. ಬಾಗಿಲಿಗೆ ಪ್ಲಾಸ್ಟಿಕ್ ಮಾವಿನೆಲೆ, ಹೊಸ್ತಿಲಿಗೆ ಅಂಟಿಸುವ ರಂಗೋಲಿ. ಹೊಗೆಯ ಅಲಾರಂ ಕೂಗದಿರಲಿ ಎಂದು ಅದಕ್ಕೆ ಸ್ನಾನದ ಟೋಪಿ ತೊಡಿಸಿದ್ದರು. ಪುರೋಹಿತರು ಮೈಸೂರಿನಿಂದ ಫೋನಿನ ಪರದೆಯಲ್ಲಿದ್ದರು. ಹಾಲು ಉಕ್ಕಿಸಲು ಅವಳ ಅತ್ತೆ ಕಳಿಸಿದ ಬೆಳ್ಳಿ ಪಾತ್ರೆಯನ್ನಿಟ್ಟರೆ ಆ ಇಂಡಕ್ಷನ್ ಒಲೆ ಕಾಯಲೇ ಇಲ್ಲ.

"ಬೆಳ್ಳೀನ ಈ ಒಲೆ ಪಾತ್ರೆ ಅಂತಾನೇ ಒಪ್ಪಲ್ಲ ಕಣೇ," ಎಂದ ಅವಳ ಗಂಡ.

"ನಿಮ್ಮಮ್ಮ ಕೊಟ್ಟಿದ್ದನ್ನ ಯಾವ ಒಲೆ ಒಪ್ಪಿದೆ ಹೇಳ್ರಿ," ಎಂದಳು ಅವಳು.

ಎಲ್ಲರೂ ನಕ್ಕರು. ಕೊನೆಗೆ ಬಯಲಿನಲ್ಲಿ ಅಡುಗೆ ಮಾಡುವ ಪುಟ್ಟ ಗ್ಯಾಸ್ ಒಲೆ ತಂದರು. ಪುರೋಹಿತರು, "ಪೂರ್ವಕ್ಕೆ ಉಕ್ಕಿತೇನಮ್ಮಾ?" ಎಂದು ಕೇಳಿದರೆ ಮಗಳು ಫೋನಿನಲ್ಲಿ ದಿಕ್ಕು ನೋಡಿ ಇಂಗ್ಲಿಷಿನಲ್ಲಿ, ಹೆಚ್ಚುಕಮ್ಮಿ ಪೂರ್ವವೇ, ಗ್ರ್ಯಾಂಡ್ ಎಂದಳು. ಮತ್ತೆ ನಗು. ಅವಳು ಹಸಿರು ರೇಷ್ಮೆ ಉಟ್ಟಿದ್ದಳು. ಎಲೆಗೆ ಬಡಿಸುತ್ತಾ ಬಗ್ಗಿದಾಗಲೆಲ್ಲ ಎಡಗೈ ಪಕ್ಕೆಗೆ ಹೋಗುತ್ತಿತ್ತು. ನನಗೆ ಹೋಳಿಗೆ ಹಾಕಿ, ಮೇಲೆ ತುಪ್ಪ ಹಾಕಿ, "ಯಾಕಕ್ಕ ಸಪ್ಪಗಿದ್ದೀರಾ? ಹೋಳಿಗೆ ಚೆನ್ನಾಗಿಲ್ವಾ?" ಎಂದಳು. ಇನ್ನೊಂದು ಹಾಕು ಎಂದೆ. ಎರಡನ್ನೂ ತಿಂದೆ.

ಮಂಗಳವಾರ ನಾನು ಬರುವ ಹೊತ್ತಿಗೆ ಹಿರಿಯಾಕೆ ಆಗಲೇ ಕೂತಿದ್ದರು. ಮೂರು ದಿನದ ಫ್ಯಾಕ್ಸ್ ಒಟ್ಟಿಗೆ ಬಂದು ಪಟ್ಟಿ ಉದ್ದವಾಗಿ ಬೆಳೆದಿತ್ತು. ಶುಕ್ರವಾರದ್ದು ಯಾವುದೂ ಮೊದಲ ಪುಟದಲ್ಲಿ ಕಾಣಲಿಲ್ಲ.

"ದಪ್ಪಗಿದ್ದಿದ್ದನ್ನೆಲ್ಲ ಮುಗಿಸ್ತಾ ಇದ್ದೀನಿ. ಹಳೇದೆಲ್ಲ ಕ್ಲಿಯರ್. ನೀನು ಫೋನ್ ನೋಡ್ಕೋ," ಎಂದರು ತಮ್ಮ ಇಂಗ್ಲಿಷಿನಲ್ಲಿ.

ಹಳೆಯದೆಲ್ಲ ಕ್ಲಿಯರ್ ಎಂಬ ಮಾತನ್ನು ಮಾತ್ರ ನಾನು ಕೇಳಿಸಿಕೊಂಡೆ. ಅದರ ಹಿಂದಿನ, ದಪ್ಪಗಿದ್ದಿದ್ದನ್ನೆಲ್ಲ ಎಂಬ ಮಾತನ್ನು ಕೇಳಿಸಿಕೊಳ್ಳಲಿಲ್ಲ. ನಾನು ಮಾಡಬೇಕಾದ ಕೆಲಸ ನನ್ನ ಕೈಯಿಂದ ತಪ್ಪಿ ತಾನಾಗಿ ಆಯಿತಲ್ಲ ಎಂದು ಹಗುರವಾಯಿತು. ಶುಕ್ರವಾರದ ಆ ಒಂದು ಹೋಯಿತೇ ಎಂದು ಕೇಳಬಹುದಿತ್ತು. ಕೇಳಿದ್ದರೆ, ಯಾವ ಒಂದು, ನಿನಗೆ ಹೇಗೆ ಗೊತ್ತು ಎಂಬ ಪ್ರಶ್ನೆ ಬರುತ್ತಿತ್ತು. ಕೇಳಲಿಲ್ಲ.

ಮುಂದಿನ ದಿನಗಳಲ್ಲಿ ಅವಳ ದಾಖಲೆ ತೆರೆದು ನೋಡಬೇಕೆಂದು ಎಷ್ಟೋ ಸಲ ಅನ್ನಿಸಿತು. ಒಂದೆರಡು ಸಲ ಅವಳ ಹುಟ್ಟಿದ ತಾರೀಖನ್ನು ಅರ್ಧ ಒತ್ತಿಯೂ ಇದ್ದೆ. ಆದರೆ ಕೆಲಸವಿಲ್ಲದೆ ಗುರುತಿನವರ ದಾಖಲೆ ತೆರೆಯಬಾರದೆಂಬ ನಿಯಮವಿದೆ, ತೆರೆದವರ ಹೆಸರು ಅಲ್ಲಿ ಬೀಳುತ್ತದೆ. ನಿಯಮ ಪಾಲಿಸುತ್ತಿದ್ದೇನೆ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನೊಂದು ಸಮಾಧಾನವೂ ಸಿಕ್ಕಿತು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಅವಳು ಕರಿಬೇವಿನ ಗಿಡದ ಚಿತ್ರ ಹಾಕುತ್ತಿದ್ದಳು, ಹುಟ್ಟುಹಬ್ಬಗಳಿಗೆ ಶುಭಾಶಯ ಹೇಳುತ್ತಿದ್ದಳು. ಕಾಯಿಲೆಯ ಸುದ್ದಿ ಒಂದಕ್ಷರವೂ ಇಲ್ಲ. ನಮ್ಮವರು ಇಂಥ ಕಾಯಿಲೆಯನ್ನು ಯಾರಿಗೂ ಹೇಳುವುದಿಲ್ಲವಲ್ಲ. ಮಗಳ ಮದುವೆಯವರೆಗೆ ಯೋಚಿಸಿ ಬಚ್ಚಿಡುತ್ತಾರೆ. ಹಾಗಾಗಿ ಅವಳ ಮೌನವೇ ನನಗೆ ಸಾಕ್ಷಿಯಾಯಿತು. ಡಾಕ್ಟರು ಹೇಳಿರುತ್ತಾರೆ, ಪಾಪ ಒಳಗೊಳಗೇ ನುಂಗಿಕೊಂಡಿದ್ದಾಳೆ ಎಂದುಕೊಂಡೆ. ಒಂದು ದಿನ ಮನೆಯಲ್ಲಿ ದೀಪ ಹಚ್ಚುವಾಗ ಅವಳ ಹೆಸರು ಹೇಳಿ ಕೈ ಮುಗಿದೆ ಕೂಡ.

ಐದು ವಾರದ ಮೇಲೆ ಅವಳು ಕೌಂಟರಿಗೆ ಬಂದಳು. ಮುಖ ಇಳಿದಿತ್ತು, ಕೋಟಿನ ತೋಳು ಸಡಿಲವಾಗಿತ್ತು.

"ನಿನ್ನೆ ಮತ್ತೆ ರಕ್ತ ಹೋಯ್ತು ಅಕ್ಕ. ಆ ರಿಪೋರ್ಟ್ ಕಥೆ ಏನು? ಇನ್ನೂ ಬಂದೇ ಇಲ್ವಾ? ಬಂದ್ರೆ ಫೋನ್ ಮಾಡ್ತೀವಿ ಅಂತ ಡಾಕ್ಟ್ರು ಅಂದಿದ್ರಲ್ಲ, ಏನಿಲ್ವೇನೋ ಅಂತ ನಾನೂ ಸುಮ್ನಿದ್ದೆ."

ಕೂರು ಎಂದೆ. ಪಟ್ಟಿಯನ್ನು ಕೆಳಗೆ, ಇನ್ನೂ ಕೆಳಗೆ, ಪುಟದ ಮೇಲೆ ಪುಟ ಎಳೆಯುತ್ತಾ ಹೋದೆ. ಸಿಕ್ಕಿತು. ಬೇರೆ ಎಲ್ಲದರ ಎದುರೂ ದಾಖಲೆಗೆ ಸೇರಿದ ಸಣ್ಣ ಗುರುತು ಇತ್ತು. ಅದರ ಎದುರು ಇರಲಿಲ್ಲ.

ಮುದ್ರಿಸಿಕೊಂಡು, ಒಳಗೆ ರೋಗಿ ಇದ್ದರೂ ಬಾಗಿಲು ತಟ್ಟಿ, ಡಾಕ್ಟರ ಕೈಗೆ ಕೊಟ್ಟೆ. ಅವರು ಓದಿದರು. ತಾರೀಖು ನೋಡಿದರು. ನನ್ನ ಮುಖ ನೋಡಿದರು. "ಅವಳನ್ನ ಈಗ್ಲೇ ಕಳ್ಸು," ಎಂದರು. ಅವಳು ಒಳಗಿದ್ದಷ್ಟು ಹೊತ್ತು ಬಾಗಿಲಿನಾಚೆಯಿಂದ ಅಳುವಾಗಲಿ ಜೋರು ಮಾತಾಗಲಿ ಕೇಳಲಿಲ್ಲ. ಹೊರಗೆ ಬಂದವಳು ನನ್ನ ಕಡೆ ನೋಡದೆ ಗಂಡನಿಗೆ ಫೋನ್ ಮಾಡುತ್ತಾ ಹೋದಳು.

ಸಂಜೆ ಡಾಕ್ಟರು ಕೇಳಿದರು. "ಶುಕ್ರವಾರ ತೆರೆದದ್ದು ಯಾರು?"

"ನಾನು."

"ತೆರೆದು, ಫೋನ್ ಬಂತು, ಮರೆತೆ. ಹಾಗೇ ತಾನೆ?"

ಒಳ್ಳೆಯ ಮನುಷ್ಯ. ನನಗೆ ಬೇಕಾದ ಉತ್ತರವನ್ನು ಅವರೇ ಕಟ್ಟಿಕೊಟ್ಟರು. ಅದರಲ್ಲಿ ಫೋನ್ ಬಂದದ್ದು ನಿಜವೂ ಹೌದು. "ಹೌದು," ಎಂದೆ. ಅವರು ಹಾಗೆಯೇ ಬರೆದುಕೊಂಡರು. ಮನೆಗೆ ಹೋಗಿ ಗಂಡನಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು "ಹೋಗಿ ಹೇಳ್ಬಿಡು," ಎಂದರು. ನಾಳೆ ಹೇಳುತ್ತೇನೆ ಎಂದೆ. ಅಂಥ ನಾಳೆಗಳು ಬಹಳ ಕಳೆದವು.

ಅವಳಿಗೆ ಬೇಗನೆ ಪರೀಕ್ಷೆಗಳಾದವು. ಮೂತ್ರಪಿಂಡ ತೆಗೆದರು. ಶ್ವಾಸಕೋಶದಲ್ಲೂ ಒಂದೆರಡು ಚುಕ್ಕೆ ಇವೆ ಎಂದು ತಿಳಿಯಿತು. ಆ ಚುಕ್ಕೆಗಳು ಶುಕ್ರವಾರವೇ ಇದ್ದವೋ, ಆ ಐದು ವಾರದಲ್ಲಿ ಬಂದವೋ ಎಂಬುದನ್ನು ಯಾರೂ ಹೇಳಲಾರರೆಂದು ಅಲ್ಲಿನ ತಜ್ಞರು ಅವಳ ಗಂಡನಿಗೆ ಹೇಳಿದರಂತೆ. ಅವನು ನಮ್ಮ ಡಾಕ್ಟರಿಗೆ ಪತ್ರ ಬರೆದ. ತಡವಾದದ್ದು ಹೇಗೆಂದು ತಮಗೆ ತಿಳಿಯಬೇಕು, ಕಂಪ್ಯೂಟರಿನ ದಾಖಲೆ ಬೇಕು ಎಂದು.

ಆ ಸಭೆ ಡಾಕ್ಟರ ಕೋಣೆಯಲ್ಲೇ ನಡೆಯಿತು. ಡಾಕ್ಟರು, ಗಂಡ ಹೆಂಡತಿ, ನಾನು. ಪರೀಕ್ಷಿಸುವ ಮಂಚದ ಮೇಲಿನ ಕಾಗದವನ್ನು ಬೆಳಿಗ್ಗೆ ನಾನೇ ಬದಲಾಯಿಸಿದ್ದೆ. ಅವಳಿಗೆ ಕುರ್ಚಿಯಲ್ಲಿ ನೇರವಾಗಿ ಕೂರಲು ಆಗುತ್ತಿರಲಿಲ್ಲ, ಬೆನ್ನಿಗೆ ದಿಂಬು ಕೊಟ್ಟೆ, ತೆಗೆದುಕೊಂಡಳು. ಡಾಕ್ಟರು ಕ್ಷಮೆ ಕೇಳಿದರು. ತಪ್ಪು ತಮ್ಮದು, ಪದ್ಧತಿ ಸರಿಯಿರಲಿಲ್ಲ, ಈಗ ದಿನಾ ಸಂಜೆ ಎರಡನೆಯವರು ಪಟ್ಟಿ ಪೂರ್ತಿ ನೋಡುತ್ತಾರೆ ಎಂದರು. ಗಂಡ ಮುದ್ರಿಸಿದ ದಾಖಲೆಯನ್ನು ಬೆರಳಿಟ್ಟು ಓದುತ್ತಿದ್ದ. ಯಾರು ಯಾವಾಗ ತೆರೆದರು, ಎಷ್ಟು ಹೊತ್ತು ತೆರೆದಿತ್ತು, ಎಲ್ಲ ಅದರಲ್ಲಿತ್ತು.

"ಶುಕ್ರವಾರ ಒಂದು ಗಂಟೆ ಎರಡು ನಿಮಿಷಕ್ಕೆ ಓಪನ್ ಆಗಿದೆ," ಎಂದ ಇಂಗ್ಲಿಷಿನಲ್ಲಿ. "ಹನ್ನೊಂದು ನಿಮಿಷ ಓಪನ್ ಆಗೇ ಇತ್ತು."

ಅಲ್ಲಿಯವರೆಗೆ ನೆಲ ನೋಡುತ್ತಿದ್ದವಳು ತಲೆ ಎತ್ತಿದಳು. ಕನ್ನಡದಲ್ಲಿ ಕೇಳಿದಳು.

"ಅಕ್ಕ, ಒಂದು ಗಂಟೆಗೆ ತಾನೆ ನಾನು ಫೋನ್ ಮಾಡಿದ್ದು? ನಾನು ಮಾತಾಡ್ತಿದ್ದಾಗ ಅದು ನಿಮ್ಮ ಕಣ್ಣ ಮುಂದೆ ಇತ್ತಾ?"

ಡಾಕ್ಟರು ಅವಳ ಮುಖವನ್ನೂ ನನ್ನ ಮುಖವನ್ನೂ ನೋಡಿದರು. ಏನು ಕೇಳಿದಳೆಂದು ಅವರಿಗೆ ಗೊತ್ತಾಗಲಿಲ್ಲ. ಆ ಕೋಣೆಯಲ್ಲಿ ಇನ್ನೂ ಒಂದು ಸುಳ್ಳಿಗೆ ಜಾಗವಿತ್ತು.

"ಇತ್ತು," ಎಂದೆ.

"ಬಂದಿಲ್ಲ ಅಂದ್ರಲ್ಲ."

"ಮಾರನೇ ದಿನ ನೀನು ಪೂಜೆ ಇಟ್ಕೊಂಡಿದ್ದೆ. ಅದೊಂದು ಮುಗೀಲಿ ಅಂತ... ಮಂಗಳವಾರ ಕಳ್ಸೋಣ ಅಂತ ಬಿಟ್ಟೆ. ಆಮೇಲೆ ಹೋಗಿದೆ ಅಂದ್ಕೊಂಡೆ. ನೋಡ್ಲಿಲ್ಲ."

ಗಂಡ ಕಾಗದವನ್ನು ಮಡಿಲ ಮೇಲಿಟ್ಟ. ಅವಳ ದನಿ ಏರಲಿಲ್ಲ.

"ಪೂಜೆ ನಂದು. ಮೈ ನಂದು. ಯಾವುದು ಮೊದ್ಲು ಅಂತ ನೋಡ್ಕೊಳೋಕೆ ನಂಗೆ ಬರ್ತಿರ್ಲಿಲ್ವಾ ಅಕ್ಕ? ನಮ್ಮನೆಗ್ ಬಂದು ಊಟ ಮಾಡ್ಕೊಂಡ್ ಹೋದ್ರಲ್ಲ."

ಡಾಕ್ಟರು ಮೆಲ್ಲನೆ, ಅವಳು ಏನು ಹೇಳುತ್ತಿದ್ದಾಳೆ ಎಂದು ನನ್ನನ್ನು ಕೇಳಿದರು. ಕ್ಲಿನಿಕ್ಕಿನಲ್ಲಿ ನಮ್ಮವರ ಮಾತನ್ನು ಅವರಿಗೆ ಇಂಗ್ಲಿಷಿನಲ್ಲಿ ಹೇಳುವವಳು ಯಾವಾಗಲೂ ನಾನೇ. ಗಂಡ ಬಾಯಿ ತೆರೆದ. ಅವಳು ಅವನ ಮೊಣಕೈ ಮೇಲೆ ಕೈಯಿಟ್ಟು ತಡೆದಳು.

"ನೀವು ಸುಮ್ನಿರಿ. ಅವ್ರೇ ಹೇಳ್ಲಿ," ಎಂದು ನನ್ನ ಕಡೆ ತಿರುಗಿದಳು. "ಪೂರ್ತಿ ಹೇಳಿ. ಪೂಜೆ ಹಿಂದಿನ್ ದಿನ ಯಾಕ್ ಹೇಳ್ಬಾರ್ದು ಅಂತಾರೆ ಅನ್ನೋದನ್ನೂ ಹೇಳಿ. ಅವ್ರಿಗೆ ಅದು ಗೊತ್ತಿರಲ್ಲ."

ಹೇಳಿದೆ. ಶುಕ್ರವಾರದ ಫೋನಿನಿಂದ ಶುರುಮಾಡಿ, ದಪ್ಪ ಅಕ್ಷರಕ್ಕೆ ತಿರುಗಿಸದೆ ಯಾಕೆ ಬಿಟ್ಟೆ ಎಂಬುದನ್ನೂ, ಅವರು ಕೇಳಿದಾಗ ಮರೆತೆ ಎಂದು ಒಪ್ಪಿಕೊಂಡದ್ದನ್ನೂ ಹೇಳಿದೆ. ಗೃಹಪ್ರವೇಶ ಎಂದರೇನೆಂದು ವಿವರಿಸಿದೆ. ಇಂಗ್ಲಿಷಿನಲ್ಲಿ ಅದಕ್ಕೆ ಯಾವ ಬಲವೂ ಉಳಿಯಲಿಲ್ಲ. ಒಬ್ಬ ಹೆಂಗಸು ತನಗೆ ಸಂಬಂಧವಿಲ್ಲದ ಕಾಗದವೊಂದನ್ನು ಬಚ್ಚಿಟ್ಟಳು ಎಂಬಷ್ಟೇ ಕೇಳಿಸಿತು. ನಾನು ಎಲ್ಲಿಯಾದರೂ ನಿಲ್ಲಿಸಿದರೆ ಅವಳು ಕಾಯುತ್ತಿದ್ದಳು. ಒಂದೆಡೆ ಮಾತ್ರ ತಿದ್ದಿದಳು. ಅರ್ಜೆಂಟ್ ಇದ್ದಿದ್ರೆ ಬೇಗ ಕಳಿಸ್ತಿದ್ರು ತಾನೆ ಎಂದು ತಾನು ಕೇಳಿದ್ದನ್ನೂ ನಾನು ಹೂಂ ಎಂದದ್ದನ್ನೂ ಬಿಟ್ಟಿದ್ದೆ. "ಅದೂ ಇತ್ತು," ಎಂದಳು. ಅದನ್ನೂ ಸೇರಿಸಿದೆ.

ಡಾಕ್ಟರು ಮೊದಲು ಬರೆದಿದ್ದ ಹಾಳೆಯನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಹೊಸದಾಗಿ ಒಂದೂವರೆ ಪುಟ ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. ಸರಿಯೇ ಎಂದು ಅವಳನ್ನು ಕೇಳಿದರು, ನನ್ನನ್ನಲ್ಲ. ಅವಳು ಸರಿ ಎಂದಳು. ಗಂಡ ಕೋಟು ಹಿಡಿದ. ಎಡಗೈ ಮೇಲೆತ್ತಲು ಬಾರದೆ ಅವಳು ಮೊದಲು ಆ ತೋಳನ್ನೇ ತೂರಿಸಿಕೊಂಡಳು, ಆಮೇಲೆ ಬಲದ್ದು. ಬಾಗಿಲು ತೆರೆದು ಹಿಡಿಯಲು ನಾನು ಎದ್ದೆ. ಅಷ್ಟರಲ್ಲಿ ಅವನೇ ತೆರೆದಿದ್ದ.